ಹೊಗೆಗೆ ಬಂದ ಕಣ್ಣೀರು

ನಮ್ಮ ಕಿರುಚಿತ್ರದ ಅವಧಿ 12 ನಿಮಿಷ. ಅದಕ್ಕಾಗಿ ಚಿತ್ರೀಕರಿಸಿದ್ದು ಐದು ಗಂಟೆಗೂ ಹೆಚ್ಚು! ಬಿಇ ಓದುತ್ತಿರುವ ನಾಲ್ವರು ಗೆಳೆಯರು, ಎರಡು ಮೊಬೈಲ್, ಆಗಾಗ ಮುನಿಸಿಕೊಳ್ಳುವ ಒಂದು ಲ್ಯಾಪ್‌ಟಾಪ್. ಕಾಸರವಳ್ಳಿಯವರು ತೀರ್ಥಹಳ್ಳಿ ತಾಲ್ಲೂಕಿನವರು, ಹೆಗ್ಗೋಡಿನ ನೀನಾಸಂ ನಮ್ಮ ಸಾಗರದ್ದು. ಇಲ್ಲಿ ಹುಟ್ಟಿ ಸಿನಿಮಾ ಮಾಡದೇ ಇರುವುದು ಹೇಗೆ ಎನ್ನುವ ಹುಂಬತನ ನಮ್ಮದು. ಎಡಿಟಿಂಗ್ ನನ್ನ ಪಾಲಿಗೆ ಬಂತು. ಗಣಿತದಲ್ಲಿ ಅಂಕ ಚೆನ್ನಾಗಿದೆ, ಇವನೇ ಮಾಡಲಿ ಎಂದರು. ಎಡಿಟಿಂಗಿಗೂ ಗಣಿತಕ್ಕೂ ಏನು ಸಂಬಂಧವೋ!

ಕಥೆ ಸರಳ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿದಾಗ ಸಾಗರ, ಹೊಸನಗರ ಭಾಗದ ಎಷ್ಟೋ ಊರುಗಳು ಮುಳುಗಿದವು. ಅಂಥ ಒಂದು ಮನೆಯನ್ನು ಹುಡುಕಿಕೊಂಡು ಮೊಮ್ಮಗಳು ಬರುತ್ತಾಳೆ. ಅಜ್ಜಿಯ ಪಾತ್ರಕ್ಕೆ ಗೆಳೆಯನ ಅಜ್ಜಿಯೇ ಸಿಕ್ಕರು. ಅವರು ಹುಟ್ಟಿದ ಮನೆ ನಿಜವಾಗಿಯೂ ನೀರಿನಡಿ ಇದೆ.

ಎಡಿಟಿಂಗ್‌ನಲ್ಲಿ ಮೂರು ತಾಲ್ಲೂಕು ಸೇರಿ ಒಂದೇ ಊರಾಯಿತು. ಮೊಮ್ಮಗಳು ಬಾಗಿಲು ತೆರೆಯುವುದು ಸಾಗರದಲ್ಲಿ, ಕಾಲಿಡುವುದು ಹೊಸನಗರದ ಅಡುಗೆಮನೆಗೆ, ಕಿಟಕಿಯಲ್ಲಿ ಕಾಣುವ ಹೊಳೆ ತೀರ್ಥಹಳ್ಳಿಯ ತುಂಗೆ. ಹಾಸ್ಟೆಲ್‌ನಲ್ಲಿ ನೋಡಿದ ಯಾರೂ ಅನುಮಾನಿಸಲಿಲ್ಲ. ಕಣ್ಣಿಗೆ ಮೋಸ ಮಾಡಬಹುದು, ಕಿವಿಗೆ ಕಷ್ಟ. ಒಂದು ಶಾಟಿನಲ್ಲಿ ಕಿರುಚುತ್ತಿದ್ದ ಜೀರುಂಡೆ ಮುಂದಿನದರಲ್ಲಿ ಫಕ್ಕನೆ ನಿಂತರೆ ಕೂಡಲೇ ಗೊತ್ತಾಗುತ್ತದೆ. ಒಂದು ಸಂಜೆ ತೋಟದಲ್ಲಿ ಮೂರು ನಿಮಿಷ ಬರೀ ಜೀರುಂಡೆ ಸದ್ದು ರೆಕಾರ್ಡ್ ಮಾಡಿ, ಎಲ್ಲ ಶಾಟುಗಳ ಕೆಳಗೂ ಚಾಪೆಯಂತೆ ಹಾಸಿದೆ.

ಕಷ್ಟಪಟ್ಟು ತೆಗೆದ ಶಾಟುಗಳೇ ಮೊದಲು ಹೋದವು. ಕವಲೇದುರ್ಗದ ಸೂರ್ಯೋದಯಕ್ಕಾಗಿ ಬೆಳಗಿನ ನಾಲ್ಕಕ್ಕೆ ಎದ್ದಿದ್ದೆವು. ಚೆಂದವಿತ್ತು, ಕಥೆಗೆ ಬೇಡವಾಗಿತ್ತು. ಕ್ಯಾಮೆರಾ ಹಿಡಿದವನು ಎರಡು ದಿನ ಮಾತು ಬಿಟ್ಟ.

ನಿಜವಾದ ಜಗಳ ಆರು ಸೆಕೆಂಡಿನದ್ದು. ಒಲೆ ಊದುವಾಗ ಅಜ್ಜಿ ಹೊಗೆಗೆ ಕಣ್ಣೊರೆಸಿಕೊಂಡಿದ್ದರು. ಅದನ್ನು ಹಿನ್ನೀರಿನ ಶಾಟಿನ ಪಕ್ಕ ಇಟ್ಟರೆ, ಮುಳುಗಿದ ಮನೆ ನೆನೆದು ಅತ್ತಂತೆ! ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಮಾಡಿದ ಪ್ರಯೋಗವೂ ಇದೇ. ನಟನೊಬ್ಬನ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಜೊತೆ ಜೋಡಿಸಿದಾಗ ಜನ ಹಸಿವು ಕಂಡರಂತೆ, ಶವಪೆಟ್ಟಿಗೆಯ ಜೊತೆ ಜೋಡಿಸಿದಾಗ ದುಃಖ. "ಇದೇ ಇರಲಿ, ಪ್ರೈಜ್ ಗ್ಯಾರಂಟಿ" ಎಂದರು ಗೆಳೆಯರು. ನಟನ ಮುಖವಾದರೆ ಸರಿ. ಅಜ್ಜಿ ನಟಿಯಲ್ಲ, ಕಳೆದುಕೊಂಡ ಮನೆಯೂ ಬರೀ ಕಥೆಯದ್ದಲ್ಲ. ಅವರು ಅಳದ ಅಳುವನ್ನು ಅವರಿಗೇ ಅಂಟಿಸುವುದು ನನಗೆ ಒಗ್ಗಲಿಲ್ಲ. ರಾತ್ರಿ ಎರಡರವರೆಗೆ ವಾದ ನಡೆದು, ಆ ಶಾಟ್ ಹೋಯಿತು.

ಅದರ ಜಾಗಕ್ಕೆ ಬಂದದ್ದು, ಶೂಟಿಂಗ್ ಮುಗಿಯಿತೆಂದುಕೊಂಡು ಅಜ್ಜಿ ಆಡಿದ ಮಾತು. ಮೊಬೈಲ್ ಇನ್ನೂ ಆನ್ ಇತ್ತು. ಅವರನ್ನು ಕೇಳಿಯೇ ಇಟ್ಟೆವು. ಕಣ್ಣೀರಿಲ್ಲ. ಹಳೆಮನೆ ಅಂಗಳದ ಹಲಸಿನ ತೊಳೆ ಎಷ್ಟು ದಪ್ಪವಿತ್ತೆಂದು ಬೆರಳು ಅಗಲಿಸಿ ತೋರಿಸುತ್ತಾರೆ, ಅಷ್ಟೆ.

ಹೋದ ವಾರ ಅವರಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆವು. ಕಿಟಕಿ ಶಾಟ್ ಬರುತ್ತಲೇ "ಇದು ನಮ್ ಹೊಳೆ ಅಲ್ವಲ, ತೀರ್ಥಳ್ಳಿದು" ಎಂದರು. ಹಲಸಿನ ಭಾಗವನ್ನು ಮಾತ್ರ ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು.