ರಿಂಗ್ ಹಾಕಿದರೆ ಇಂಟರ್ನೆಟ್ ಇಮ್ಮಡಿ ಆಗುತ್ತದೆಯೇ?

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಪಂಚಾಯಿತಿಗಳಿಗೆ ಇಂಟರ್ನೆಟ್ ಒಯ್ಯುವ ಭಾರತ್‌ನೆಟ್‌ನ ಪರಿಷ್ಕೃತ ಯೋಜನೆಗೆ 1,39,579 ಕೋಟಿ ರೂಪಾಯಿ ಒಪ್ಪಿತು. ಒಂಟಿ ದಾರಿಯಲ್ಲಿ ಪಂಚಾಯಿತಿ ಮುಟ್ಟುತ್ತಿದ್ದ ಫೈಬರನ್ನು ಎರಡು ಕಡೆಯಿಂದಲೂ ಮುಟ್ಟುವ ಸುತ್ತು, ಅಂದರೆ ರಿಂಗ್ ಮಾಡುವುದೂ ಅದರಲ್ಲಿ ಸೇರಿದೆ. ರಿಂಗ್ ಎಂದ ಕೂಡಲೇ ಬಹಳಷ್ಟು ಜನ ಹೀಗೆ ಅಂದುಕೊಳ್ಳುತ್ತಾರೆ:

ನಂಬಿಕೆ: ದಾರಿ ಎರಡಾದವು, ದಟ್ಟಣೆ ತಾನೇ ಹಂಚಿಹೋಗುತ್ತದೆ.

ಸತ್ಯ: ಹೋಗುವುದಿಲ್ಲ. ಜಾಲದಲ್ಲಿ ದತ್ತಾಂಶ ಹೊರುವ ಈಥರ್ನೆಟ್ ಫ್ರೇಮಿಗೆ ಇಷ್ಟು ಸುತ್ತು ಸಾಕು ಎಂದು ಹೇಳುವ ಎಣಿಕೆಯೇ ಇಲ್ಲ. ಸುತ್ತು ತೆರೆದಿದ್ದರೆ ಫ್ರೇಮುಗಳು ತಿರುಗುತ್ತ, ನಕಲಾಗುತ್ತ ಇಡೀ ಜಾಲವನ್ನು ಕಟ್ಟಿಹಾಕುತ್ತವೆ. ಅದಕ್ಕೇ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಜಿ.8032 ನಿಯಮದಲ್ಲಿ ಒಂದು ಕೊಂಡಿಯನ್ನು ಬೇಕೆಂದೇ ಮುಚ್ಚಿಡುತ್ತಾರೆ. ಬೇರೆಲ್ಲಾದರೂ ಕೇಬಲ್ ತುಂಡಾದರೆ ಈ ಮುಚ್ಚಿದ ಕೊಂಡಿ 50 ಮಿಲಿಸೆಕೆಂಡಿನೊಳಗೆ ತೆರೆಯಬೇಕು. ಯಾವ ಕಡೆ ಭಾರ ಹೆಚ್ಚು ಎಂಬುದನ್ನು ಈ ನಿಯಮ ನೋಡುವುದೇ ಇಲ್ಲ.

ಹಾಗಾದರೆ ಭಾರ ಹಂಚುವವರು ಯಾರು? ಮುಚ್ಚುವ ಜಾಗ ಆರಿಸುವ ಎಂಜಿನಿಯರ್. ಕಾಗದದ ಮೇಲೆ ಒಂದು ರಿಂಗ್ ಬರೆಯೋಣ: ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ, ಅಥಣಿ, ರಾಯಬಾಗ, ಮತ್ತೆ ಚಿಕ್ಕೋಡಿ. ಹೊರಜಗತ್ತಿನ ಸಂಪರ್ಕ ಚಿಕ್ಕೋಡಿಯಲ್ಲಿದೆ. ನಿಪ್ಪಾಣಿ–ಕಾಗವಾಡ ಕೊಂಡಿ ಮುಚ್ಚಿದರೆ ಮೂರು ಊರಿನ ಭಾರ ರಾಯಬಾಗದ ಕಡೆಯಿಂದ ಬರುತ್ತದೆ, ನಿಪ್ಪಾಣಿಯ ಕಡೆ ಒಂದೇ ಊರು. ಕಾಗವಾಡ–ಅಥಣಿ ನಡುವೆ ಮುಚ್ಚಿ, ಎರಡೆರಡು ಊರು ಸರಿಸಮ. ಇನ್ನೂ ನಯವಾಗಿ ಹಂಚಬೇಕೆಂದರೆ ವಿಲ್ಯಾನ್‌ಗಳನ್ನು (ಒಂದೇ ಕೇಬಲಿನಲ್ಲಿ ಬೇರೆ ಬೇರೆಯಾಗಿ ಹರಿಯುವ ಜಾಲಗಳನ್ನು) ಎರಡು ಗುಂಪು ಮಾಡಿ, ಒಂದೊಂದಕ್ಕೂ ಬೇರೆ ಜಾಗದಲ್ಲಿ ಬಾಗಿಲು ಹಾಕಬಹುದು.

ನಂಬಿಕೆ: ಹಂಚಿದ ಮೇಲೆ ಚಿಂತೆ ಇಲ್ಲ.

ಇದು ಹೆಚ್ಚು ಅಪಾಯದ ನಂಬಿಕೆ. ಕೊಂಡಿಯ ಸಾಮರ್ಥ್ಯ 1,000 ಎಂಬಿಪಿಎಸ್, ಒಂದೊಂದು ಊರಿನ ಬಳಕೆ 400 ಎಂದುಕೊಳ್ಳಿ. ಎರಡೂ ಕಡೆ 800, ಆರಾಮ. ರಾಯಬಾಗ–ಚಿಕ್ಕೋಡಿ ನಡುವೆ ಜೆಸಿಬಿ ಕೇಬಲ್ ಕಿತ್ತಿತೋ, 1,600 ಪೂರ್ತಿ ನಿಪ್ಪಾಣಿಯ ದಾರಿಗೆ ಬೀಳುತ್ತದೆ. 600ಕ್ಕೆ ಜಾಗವಿಲ್ಲ. ಸಂಪರ್ಕ ಕಡಿದಿಲ್ಲ, ಆದರೂ ಎಲ್ಲರ ಫೋನಿನಲ್ಲೂ ಚಕ್ರ ತಿರುಗುತ್ತದೆ. ಆದ್ದರಿಂದ ಎರಡೂ ಕಡೆಯ ಭಾರ ಕೂಡಿಸಿದರೂ ಒಂದೇ ಕೊಂಡಿ ಹೊರುವಂತಿರಬೇಕು. ಅಷ್ಟು ದುಡ್ಡಿಲ್ಲವೆಂದರೆ ಆಸ್ಪತ್ರೆ, ತಹಶೀಲ್ದಾರ್ ಕಚೇರಿ, ಬ್ಯಾಂಕಿನ ದಟ್ಟಣೆಗೆ ಮೊದಲ ಸರದಿಯನ್ನು ಈಗಲೇ ಗೊತ್ತುಮಾಡಬೇಕು.

ನಂಬಿಕೆ: ಎರಡು ಕೇಬಲ್ ಇದ್ದರೆ ರಿಂಗ್ ಆಯಿತು.

ಒಂದೇ ಗುಂಡಿಯಲ್ಲಿ ಹೂತರೆ ಎರಡೂ ಒಟ್ಟಿಗೆ ಹೋಗುತ್ತವೆ. ನಾವು ಬರೆದ ರಿಂಗಿನ ಊರುಗಳ ಭಾಗದಲ್ಲಂತೂ ಹೊಳೆಯದ್ದೇ ಪ್ರಶ್ನೆ. ಚಿಕ್ಕೋಡಿ, ರಾಯಬಾಗ ಕೃಷ್ಣೆಯ ಈಚೆ. ಅಥಣಿ, ಕಾಗವಾಡ ಆಚೆ. ರಿಂಗ್ ಹೊಳೆಯನ್ನು ಎರಡು ಸಲ ದಾಟಲೇಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ಇಲ್ಲಿನ ಸೇತುವೆಗಳು ಮುಳುಗಿದ್ದವು. ಒಂದು ಕೇಬಲ್ ಕುಡಚಿ–ಉಗಾರ ಸೇತುವೆ ಹಿಡಿದರೆ, ಇನ್ನೊಂದು ದೂರದ ಬೇರೆ ಸೇತುವೆಯ ಮೇಲೆ, ನೆರೆಯ ಮಟ್ಟಕ್ಕಿಂತ ಎತ್ತರದಲ್ಲಿ ಹೋಗಬೇಕು.