ಬ್ರೇಕ್ ರಿಪೇರಿಯ ನಂತರ 'ಟಕ್' ಎಂಬ ಸದ್ದು ಏಕೆ?

ಕಾರಿನ ಬ್ರೇಕ್ ಪ್ಯಾಡುಗಳನ್ನು ಬದಲಾಯಿಸಿಕೊಂಡು ಗ್ಯಾರೇಜಿನಿಂದ ಹೊರಬಂದವರಿಗೆ ಕೆಲವೊಮ್ಮೆ ಒಂದು ಹೊಸ ಸದ್ದು ಕೇಳಿಸತೊಡಗುತ್ತದೆ. ಬ್ರೇಕ್ ಒತ್ತಿದಾಗ ಚಕ್ರದ ಬಳಿ ಯಾರೋ ಸಣ್ಣ ಸುತ್ತಿಗೆಯಿಂದ ಹೊಡೆದಂತೆ 'ಟಕ್' ಎನ್ನುತ್ತದೆ. ಮೆಕ್ಯಾನಿಕ್‌ನನ್ನು ಕೇಳಿದರೆ "ಹೊಸ ಪ್ಯಾಡು ಸಾರ್, ನಾಲ್ಕು ದಿನ ಓಡಿಸಿ, ಸೆಟ್ ಆಗುತ್ತೆ" ಎಂಬ ಉತ್ತರ ಬರುತ್ತದೆ. ಈ ಉತ್ತರ ಕೆಲವು ಸದ್ದುಗಳ ಮಟ್ಟಿಗೆ ಸರಿ. ಇನ್ನು ಕೆಲವುಗಳ ಮಟ್ಟಿಗೆ ಪ್ರಾಣಾಪಾಯ. ಎರಡರ ನಡುವಿನ ವ್ಯತ್ಯಾಸ ತಿಳಿಯಲು ಪ್ರೌಢಶಾಲೆಯ ಭೌತವಿಜ್ಞಾನವೇ ಬಹುಮಟ್ಟಿಗೆ ಸಾಕು.

ಬ್ರೇಕಿನ ಸದ್ದು ಡಿಸ್ಕ್ ಬ್ರೇಕಿನಷ್ಟೇ ಹಳೆಯದು. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಅವನ ಬ್ರೇಕಿನಲ್ಲಿ ತಾಮ್ರದ ತುಣುಕುಗಳು ಲೋಹದ ತಟ್ಟೆಯನ್ನು ಉಜ್ಜಿದಾಗ ಕಿವಿಗಡಚಿಕ್ಕುವ ಕೀಚಲು ಸದ್ದು ಬರುತ್ತಿತ್ತು. ಕೀಚಲು ಸದ್ದು ನಿರಂತರ ಕಂಪನದ ಫಲ. 'ಟಕ್' ಸದ್ದು ಹಾಗಲ್ಲ. ಅದು ಒಂದು ವಸ್ತು ಇನ್ನೊಂದಕ್ಕೆ ಹೋಗಿ ಬಡಿಯುವುದರಿಂದ ಹುಟ್ಟುತ್ತದೆ. ಬಡಿಯಬೇಕಾದರೆ ಅವೆರಡರ ನಡುವೆ ಸಂದು ಇರಬೇಕು. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಇದು: ಸಂದು ಎಲ್ಲಿದೆ?

ಪ್ಯಾಡಿನ ಮೇಲೆ ಬೀಳುವ ಬಲ

ನಮ್ಮಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಡಿಸ್ಕ್ ಎಂಬುದು ಚಕ್ರದೊಡನೆ ತಿರುಗುವ ಬೀಡು ಕಬ್ಬಿಣದ ತಟ್ಟೆ. ಅದರ ಎರಡು ಬದಿಗಳಲ್ಲಿ ಎರಡು ಪ್ಯಾಡುಗಳಿವೆ. ಪೆಡಲ್ ಒತ್ತಿದಾಗ ಬ್ರೇಕ್ ದ್ರವದ ಒತ್ತಡದಿಂದ ಕ್ಯಾಲಿಪರ್ ಈ ಪ್ಯಾಡುಗಳನ್ನು ಇಕ್ಕಳದಂತೆ ಡಿಸ್ಕಿಗೆ ಅದುಮುತ್ತದೆ. ತಿರುಗುವ ಡಿಸ್ಕ್ ಪ್ಯಾಡನ್ನು ತನ್ನೊಡನೆ ಎಳೆದೊಯ್ಯಲು ನೋಡುತ್ತದೆ. ಹಾಗೆ ಹೋಗದಂತೆ ತಡೆದು ಹಿಡಿಯುವುದು ಬ್ರಾಕೆಟ್ ಎಂಬ ಗಟ್ಟಿ ಚೌಕಟ್ಟು. ಎರಡು ದಪ್ಪ ಬೋಲ್ಟುಗಳು ಬ್ರಾಕೆಟ್ಟನ್ನು ಚಕ್ರದ ಹಿಂದಿನ ಭಾಗಕ್ಕೆ ಬಿಗಿಯುತ್ತವೆ.

ಈ ಎಳೆತ ಎಷ್ಟಿರಬಹುದು? 1000 ಕಿ.ಗ್ರಾಂ ರಾಶಿಯ ಕಾರು ಸೆಕೆಂಡಿಗೆ ಸೆಕೆಂಡಿಗೆ 3 ಮೀಟರ್ ದರದಲ್ಲಿ ವೇಗ ಕಳೆದುಕೊಳ್ಳುತ್ತಿದೆ ಎನ್ನಿ. ಇದು ಸಾಧಾರಣ ಬ್ರೇಕು. ಬೇಕಾದ ಬಲ 3000 ನ್ಯೂಟನ್. ಇದರಲ್ಲಿ ಸುಮಾರು ಶೇಕಡ 70 ಭಾಗ ಮುಂದಿನ ಎರಡು ಚಕ್ರಗಳ ಪಾಲು ಎಂದುಕೊಂಡರೆ ಒಂದೊಂದು ಚಕ್ರಕ್ಕೆ 1050 ನ್ಯೂಟನ್. ಈ ಬಲ ಚಕ್ರ ನೆಲವನ್ನು ಮುಟ್ಟುವಲ್ಲಿ, ಅಂದರೆ ಕೇಂದ್ರದಿಂದ ಸುಮಾರು 28 ಸೆಂ.ಮೀ. ದೂರದಲ್ಲಿ ಇದೆ. ಪ್ಯಾಡು ಇರುವುದು ಕೇಂದ್ರದಿಂದ ಸುಮಾರು 10 ಸೆಂ.ಮೀ. ದೂರದಲ್ಲಿ. ಸನ್ನೆಯ ನಿಯಮದಂತೆ ಡಿಸ್ಕಿನ ಮೇಲಿನ ಬಲ 1050 × 28 ÷ 10, ಅಂದರೆ 2940 ನ್ಯೂಟನ್. ಎರಡು ಪ್ಯಾಡುಗಳು ಹಂಚಿಕೊಂಡರೆ ತಲಾ 1470 ನ್ಯೂಟನ್. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಪ್ಯಾಡನ್ನು ಸುಮಾರು 150 ಕಿ.ಗ್ರಾಂ ತೂಕದಷ್ಟು ಬಲ ಬ್ರಾಕೆಟ್ಟಿನ ಅಂಚಿಗೆ ಒತ್ತುತ್ತದೆ. ಸಂದು ಎಷ್ಟೇ ಕಿರಿದಾಗಿದ್ದರೂ ಪ್ಯಾಡು ಅದನ್ನು ದಾಟಿ ಬಡಿಯುವುದರಲ್ಲಿ ಆಶ್ಚರ್ಯವಿಲ್ಲ.

ದಿಕ್ಕು ಬದಲಾದಾಗ ಒಂದು ಸದ್ದು

ಒಂದು ಸರಳ ಪ್ರಯೋಗ ಮಾಡಿ. ಕರಿಹಲಗೆಯ ಡಸ್ಟರನ್ನು ಅದಕ್ಕಿಂತ ಒಂದು ಬೆರಳಿನಷ್ಟು ಉದ್ದವಾದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ಪೆಟ್ಟಿಗೆಯನ್ನು ಬಲಕ್ಕೆ ಬೇಗನೆ ತಳ್ಳಿ. ಡಸ್ಟರ್ ಒಮ್ಮೆ ಎಡ ಗೋಡೆಗೆ ಬಡಿಯುತ್ತದೆ. ನಿಧಾನವಾಗಿ ನಿಲ್ಲಿಸಿ, ಮತ್ತೆ ಬಲಕ್ಕೆ ತಳ್ಳಿದರೆ ಸದ್ದಿಲ್ಲ. ಅದು ಆಗಲೇ ಗೋಡೆಗೆ ಒರಗಿದೆ. ಎಡಕ್ಕೆ ತಳ್ಳಿದರೆ ಮಾತ್ರ ಮತ್ತೆ ಸದ್ದು. ತಾನು ಕೊನೆಯ ಬಾರಿ ಯಾವ ಕಡೆಗೆ ಸರಿದೆ ಎಂಬುದನ್ನು ಡಸ್ಟರ್ 'ನೆನಪಿಟ್ಟುಕೊಂಡಿದೆ'.

ಬ್ರಾಕೆಟ್ಟಿನೊಳಗಿನ ಪ್ಯಾಡಿನ ವರ್ತನೆಯೂ ಹೀಗೆಯೇ. ಕಾರನ್ನು ಹಿಂದಕ್ಕೆ ತೆಗೆದು ಬ್ರೇಕ್ ಒತ್ತಿದಾಗ ಒಮ್ಮೆ ಟಕ್. ನಂತರ ಮುಂದಕ್ಕೆ ಹೋಗಿ ಮೊದಲ ಬಾರಿ ಬ್ರೇಕ್ ಒತ್ತಿದಾಗ ಒಮ್ಮೆ ಟಕ್. ಆಮೇಲೆ ಮುಂದಕ್ಕೆ ಹೋಗುತ್ತ ಎಷ್ಟು ಬಾರಿ ಒತ್ತಿದರೂ ಸದ್ದಿಲ್ಲ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಪ್ಯಾಡು ಕೂರುವ ಜಾಗದಲ್ಲಿ ಡಿಸ್ಕಿನ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಅರ್ಧ ಮಿಲಿಮೀಟರ್ ಸಂದನ್ನು ಪ್ಯಾಡು ಕೆಲವೇ ಮಿಲಿಸೆಕೆಂಡುಗಳಲ್ಲಿ ದಾಟಿಬಿಡುತ್ತದೆ. ಹಾಗಾಗಿಯೇ ಸದ್ದು ಅಷ್ಟು ಚುರುಕು.

ರಿಪೇರಿಯ ನಂತರವೇ ಇದು ಏಕೆ ಕಾಣಿಸಿಕೊಳ್ಳುತ್ತದೆ? ಪ್ಯಾಡಿನ ಎರಡು ತುದಿಗಳಲ್ಲಿ ತೆಳುವಾದ ಸ್ಪ್ರಿಂಗ್ ತಗಡಿನ ಕ್ಲಿಪ್ಪುಗಳಿರುತ್ತವೆ. ಪ್ಯಾಡು ಅಲುಗಾಡದಂತೆ ಸಂದನ್ನು ತುಂಬುವುದು ಅವುಗಳ ಕೆಲಸ. ಹಳೆಯ, ಸೊರಗಿದ ಕ್ಲಿಪ್ಪುಗಳನ್ನೇ ಮತ್ತೆ ಹಾಕಿದರೆ, ಹಾಕುವುದನ್ನೇ ಮರೆತರೆ, ಅಥವಾ ಅಳತೆ ಸ್ವಲ್ಪ ಕಡಿಮೆಯಿರುವ ಪ್ಯಾಡು ತಂದರೆ ಸಂದು ಉಳಿಯುತ್ತದೆ. ಕ್ಯಾಲಿಪರ್ ಜಾರುವ ಗೈಡ್ ಪಿನ್ನುಗಳಿಗೆ ಗ್ರೀಸ್ ಹಚ್ಚದಿದ್ದರೆ ಅವೂ ಹಿಡಿದುಕೊಂಡು ಆಮೇಲೆ ತಟ್ಟನೆ ಜಾರುತ್ತವೆ. ಇಲ್ಲಿ ಬ್ರೇಕಿಗೆಂದೇ ತಯಾರಿಸಿದ ಗ್ರೀಸನ್ನೇ ಬಳಸಬೇಕು. ಸಾಮಾನ್ಯ ಪೆಟ್ರೋಲಿಯಮ್ ಗ್ರೀಸಿನಿಂದ ಬ್ರೇಕಿನ ರಬ್ಬರ್ ಭಾಗಗಳು ಉಬ್ಬಿ ಕೆಡುತ್ತವೆ.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಬ್ರಾಕೆಟ್ಟನ್ನು ಹಿಡಿದಿರುವ ಬೋಲ್ಟುಗಳು ಸಡಿಲವಾಗಿದ್ದರೂ ಇದೇ ಬಗೆಯ ಸದ್ದು ಬರುತ್ತದೆ! ಆಗ ಸರಿದಾಡುವುದು ಪ್ಯಾಡಲ್ಲ, ಇಡೀ ಬ್ರಾಕೆಟ್ಟು. ಕಿವಿಗೆ ಎರಡೂ ಒಂದೇ. ಕ್ಲಿಪ್ ಇಲ್ಲದಿದ್ದರೆ ಸದ್ದಿನ ಕಿರಿಕಿರಿ, ಹೆಚ್ಚೆಂದರೆ ಪ್ಯಾಡು ಓರೆಯಾಗಿ ಸವೆಯುತ್ತದೆ. ಬೋಲ್ಟ್ ಕಳಚಿದರೆ ಕ್ಯಾಲಿಪರ್ ತಿರುಗಿ ರಿಮ್ಮಿಗೆ ಸಿಕ್ಕಿ ಚಕ್ರವೇ ನಿಂತುಬಿಡಬಹುದು. ದ್ರವದ ಹೋಸ್ ಹರಿಯಬಹುದು. ಆದ್ದರಿಂದ ದಿಕ್ಕು ಬದಲಾದಾಗ ಸದ್ದು ಬರುತ್ತಿದ್ದರೆ ಚಕ್ರ ಬಿಚ್ಚಿಸಿ ಬೋಲ್ಟುಗಳನ್ನು ನೋಡದೆ ಸಮಾಧಾನಪಡುವಂತಿಲ್ಲ.

ಪ್ರತಿ ಸುತ್ತಿಗೂ ಒಂದು ಸದ್ದು

28 ಸೆಂ.ಮೀ. ತ್ರಿಜ್ಯದ ಚಕ್ರದ ಪರಿಧಿ ಸುಮಾರು 1.76 ಮೀಟರ್. ಗಂಟೆಗೆ 10 ಕಿ.ಮೀ. ವೇಗದಲ್ಲಿ ಅದು ಎರಡು ಸೆಕೆಂಡಿಗೆ ಮೂರು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಸದ್ದೂ ಇದೇ ಲಯದಲ್ಲಿದ್ದು, ವೇಗ ಹೆಚ್ಚಿದಂತೆ ಅದೂ ಚುರುಕಾದರೆ ದೋಷ ಚಕ್ರದೊಡನೆ ತಿರುಗುವ ಭಾಗದಲ್ಲಿದೆ ಎಂದು ಊಹಿಸಬಹುದು. ಡಿಸ್ಕ್ ಕೂರುವ ಜಾಗದಲ್ಲಿ ತುಕ್ಕು ಉಳಿದು ಡಿಸ್ಕ್ ಓರೆಯಾಗಿರಬಹುದು. ಅಂಚಿನಲ್ಲಿ ಕಲ್ಲಿನ ಚೂರು ಸಿಕ್ಕಿರಬಹುದು.

ಬ್ರೇಕ್ ಒತ್ತದಿದ್ದಾಗಲೂ ಈ ಸದ್ದು ಇದ್ದರೆ ಮೊದಲು ನೋಡಬೇಕಾದದ್ದು ಚಕ್ರದ ನಟ್ಟುಗಳನ್ನು. ಬ್ರೇಕ್ ಕೆಲಸಕ್ಕೆ ಚಕ್ರ ಬಿಚ್ಚಲೇಬೇಕು; ಮತ್ತೆ ಬಿಗಿಯುವಾಗ ತಪ್ಪಾಗಬಹುದು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 80ರಿಂದ 110 ನ್ಯೂಟನ್-ಮೀಟರ್ ಟಾರ್ಕ್ ಬೇಕು. ನಿಖರ ಸಂಖ್ಯೆ ಕಾರಿನ ಕೈಪಿಡಿಯಲ್ಲಿರುತ್ತದೆ. 40 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 250 ನ್ಯೂಟನ್ ಬಲ ಹಾಕಿದರೆ 100 ನ್ಯೂಟನ್-ಮೀಟರ್ ಆಗುತ್ತದೆ. ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಅಲ್ಲ, ಎದುರುಬದುರಾಗಿ ಬಿಗಿಯಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ.

ಹಲವು ಸುತ್ತಿಗೊಂದು ಸದ್ದು

ಎಲ್ಲಕ್ಕಿಂತ ಸ್ವಾರಸ್ಯಕರವಾದದ್ದು ಮೂರನೆಯ ಬಗೆ. ಸವೆದ ಡ್ರಮ್ ಅಥವಾ ಡಿಸ್ಕನ್ನು ಲೇತಿನಲ್ಲಿ ಕೊಟ್ಟು ನಯ ಮಾಡಿಸುವುದುಂಟು. ಲೇತಿನ ಉಳಿ ಬೇಗ ಬೇಗ ಸರಿದರೆ ಮೈಮೇಲೆ ಸುರುಳಿಯಾಕಾರದ ಸಣ್ಣ ಗೀರು ಉಳಿಯುತ್ತದೆ. ಗ್ರಾಮಫೋನ್ ತಟ್ಟೆಯ ಗೀರು ಮುಳ್ಳನ್ನು ಒಳಕ್ಕೆ ಒಯ್ಯುವಂತೆ ಡಿಸ್ಕಿನ ಗೀರು ಪ್ಯಾಡನ್ನು ಪಕ್ಕಕ್ಕೆ ಒಯ್ಯುತ್ತದೆ. ಡ್ರಮ್ಮಿನಲ್ಲಾದರೆ ಈ ಗೀರು ಬೋಲ್ಟಿನ ಮರೆಯಂತೆ ವರ್ತಿಸಿ ಬ್ರೇಕ್ ಶೂವನ್ನು ಹೊರಕ್ಕೆ ಎಳೆಯುತ್ತದೆ. ಸುತ್ತಿಗೆ 0.2 ಮಿ.ಮೀ. ಸರಿದರೂ ಐದು ಸುತ್ತಿನಲ್ಲಿ ಒಂದು ಮಿಲಿಮೀಟರ್ ಆಯಿತು. ಸ್ಪ್ರಿಂಗಿನ ಎಳೆತ ಗೀರಿನ ಹಿಡಿತವನ್ನು ಮೀರಿದೊಡನೆ ಶೂ ಮರಳಿ ತನ್ನ ಹಿಂದಿನ ತಗಡಿಗೆ 'ಟಪ್' ಎಂದು ಬಡಿಯುತ್ತದೆ. ಮತ್ತೆ ಏರುತ್ತದೆ, ಮತ್ತೆ ಬಡಿಯುತ್ತದೆ.

ಈ ಸದ್ದಿಗೆ ಎರಡು ಗುರುತುಗಳಿವೆ. ಬ್ರೇಕ್ ಒತ್ತಿದಾಗ ಮಾತ್ರ ಬರುತ್ತದೆ. ಹಿಂದಕ್ಕೆ ಚಲಿಸುವಾಗ ಸುರುಳಿ ತಳ್ಳುವ ದಿಕ್ಕು ತಿರುಗುಮುರುಗಾಗುವುದರಿಂದ ಸದ್ದು ಬದಲಾಗುತ್ತದೆ ಅಥವಾ ನಿಲ್ಲುತ್ತದೆ. ಕೊನೆಯ ಸುತ್ತಿನಲ್ಲಿ ಉಳಿಯನ್ನು ತೀರ ನಿಧಾನವಾಗಿ ಸರಿಸಿ, ಬಳಿಕ ಉಪ್ಪುಕಾಗದದಿಂದ ಅಡ್ಡಡ್ಡ ಉಜ್ಜಿ ಸುರುಳಿಯನ್ನು ಅಳಿಸುವುದೇ ಪರಿಹಾರ. ಗೀರು ತೀರ ಸಣ್ಣದಾಗಿದ್ದರೆ ಓಡಿಸುತ್ತ ಸವೆದುಹೋಗುವುದೂ ಉಂಟು. "ಸೆಟ್ ಆಗುತ್ತೆ" ಎಂಬ ಮಾತು ನಿಜವಾಗುವ ಸಂದರ್ಭ ಇದು. ಹೊಸ ಪ್ಯಾಡುಗಳ ಮೊದಲ ಕೆಲವು ನೂರು ಕಿ.ಮೀ.ಗಳ ಸಣ್ಣ ಉಜ್ಜುವ ಸದ್ದೂ ಹಾಗೆಯೇ. ಸಡಿಲ ಬೋಲ್ಟು ಮಾತ್ರ ಎಂದೂ ತಾನಾಗಿ ಸೆಟ್ ಆಗುವುದಿಲ್ಲ.

ಬ್ರೇಕಿನದಲ್ಲದ ಸದ್ದು

ಮಳೆಗಾಲದ ಬೆಳಗ್ಗೆ ಕಾರು ಹೊರಟ ಕ್ಷಣ ಒಮ್ಮೆ ಟಕ್ ಎಂದು, ಆಮೇಲೆ ಇಡೀ ದಿನ ಸುಮ್ಮನಿದ್ದರೆ ಚಿಂತೆ ಬೇಡ. ತೇವಕ್ಕೆ ಡಿಸ್ಕಿನಲ್ಲಿ ಮೂಡಿದ ತುಕ್ಕು ಪ್ಯಾಡಿಗೆ ಅಂಟಿಕೊಂಡಿದ್ದು, ಮೊದಲ ಚಲನೆಗೆ ಬಿಟ್ಟುಕೊಂಡಿರುತ್ತದೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ, ಕೆಲವು ಕಾರುಗಳಲ್ಲಿ ಈ ವ್ಯವಸ್ಥೆ ಹೊರಟೊಡನೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಾಗಲೂ ಒಂದು ಸಣ್ಣ ಸದ್ದು ಬರುತ್ತದೆ.

ಇನ್ನೊಂದು ಸಾಧ್ಯತೆ ಕಾಕತಾಳೀಯ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತೆಂದು ಕಾಗೆಯೇ ಕಾರಣ ಎನ್ನಲಾಗದು. ಸಸ್ಪೆನ್ಷನ್ನಿನ ರಬ್ಬರ್ ಬುಷ್ ಸವೆದಿದ್ದರೆ ಬ್ರೇಕ್ ಬಲಕ್ಕೆ ಇಡೀ ಚಕ್ರವೇ ಹಿಂದೆ ಮುಂದೆ ಸರಿದು ಟಕ್ ಎನ್ನುತ್ತದೆ. ಹಳೆಯ ಪ್ಯಾಡುಗಳಿದ್ದಾಗ ಗಮನಕ್ಕೆ ಬಾರದ ಸದ್ದು ರಿಪೇರಿಯ ನಂತರ ಕಿವಿಗೆ ಬಿದ್ದಿರಬಹುದು.

ಪರೀಕ್ಷಿಸುವ ಕ್ರಮ

ಖಾಲಿ, ಸಮತಟ್ಟಾದ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಮಾತ್ರ ಈ ಪರೀಕ್ಷೆ ಮಾಡಬೇಕು, ರಸ್ತೆಯಲ್ಲಿ ಅಲ್ಲ. ಹೊರಡುವ ಮುನ್ನ ನಟ್ಟುಗಳ ಬಿಗಿಯನ್ನು ನೋಡಿ. ಪೆಡಲ್ ಮೃದುವಾಗಿ ಒಳಕ್ಕೆ ಕುಸಿಯುತ್ತಿದ್ದರೆ ಅಥವಾ ದ್ರವ ಕಡಿಮೆಯಾಗಿದ್ದರೆ ಕಾರನ್ನು ಅಲುಗಾಡಿಸಲೇಬೇಡಿ. ಟೈರಿನ ಪಕ್ಕಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಒಬ್ಬರು ಕಾರು ನಡೆಸಲಿ; ಇನ್ನೊಬ್ಬರು ದೂರದಲ್ಲಿ ಜೊತೆಗೆ ನಡೆಯುತ್ತ ಚಕ್ರದ ಸುತ್ತುಗಳನ್ನೂ ಸದ್ದುಗಳನ್ನೂ ಎಣಿಸಿ ಬರೆದುಕೊಳ್ಳಲಿ. ಮುಂದಕ್ಕೆ, ಹಿಂದಕ್ಕೆ, ಬ್ರೇಕ್ ಒತ್ತಿ, ಒತ್ತದೆ, ಹೀಗೆ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು. ಬಹಳಷ್ಟು ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಅದನ್ನಷ್ಟೇ ಮೆಲ್ಲನೆ ಎಳೆದಾಗಲೂ ಸದ್ದು ಬಂದರೆ ಮೊದಲು ಹಿಂದಿನ ಡ್ರಮ್ಮುಗಳನ್ನು ಸಂಶಯಿಸಬಹುದು.

ಹೀಗೆ ಬರೆದಿಟ್ಟ ಪಟ್ಟಿಯೊಡನೆ ಗ್ಯಾರೇಜಿಗೆ ಹೋದರೆ "ಏನೋ ಸದ್ದು ಬರುತ್ತಿದೆ" ಎಂಬ ದೂರಿನ ಬದಲು "ದಿಕ್ಕು ಬದಲಿಸಿದಾಗಲೆಲ್ಲ ಬಲ ಮುಂಚಕ್ರದಲ್ಲಿ ಒಂದು ಸದ್ದು" ಎಂಬ ಮಾಹಿತಿ ಕೊಟ್ಟಂತಾಗುತ್ತದೆ. ಆದರೆ ಬಿಚ್ಚಿ ನೋಡುವಾಗಿನ ಕ್ರಮ ಬೇರೆ. ಹೆಚ್ಚು ಸಂಭವನೀಯವಾದದ್ದನ್ನಲ್ಲ, ಹೆಚ್ಚು ಅಪಾಯಕಾರಿಯಾದದ್ದನ್ನು ಮೊದಲು ನೋಡಬೇಕು: ಚಕ್ರದ ನಟ್ಟು, ಬ್ರಾಕೆಟ್ಟಿನ ಬೋಲ್ಟು, ಗೈಡ್ ಪಿನ್ನಿನ ಬೋಲ್ಟು, ಆಮೇಲೆ ಕ್ಲಿಪ್ಪು, ಪ್ಯಾಡಿನ ಅಳತೆ, ಡಿಸ್ಕಿನ ಮೈ. ಮೊದಲ ಮೂರನ್ನು ಟಾರ್ಕ್ ರೆಂಚಿನಿಂದ ಪರೀಕ್ಷಿಸಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕಳೆಯುವವರೆಗೆ ಅಂತಹ ಕಾರಿನಲ್ಲಿ ಆಗುಂಬೆ ಅಥವಾ ಚಾರ್ಮಾಡಿ ಘಾಟಿ ಇಳಿಯುವ ಯೋಚನೆ ಬೇಡ.