ರೋಗಿಯ ಮಂಚದ ಕಂಬಿಯೂ ತಾಮ್ರದ ಗುಣವೂ

ಬಂಧುಗಳಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆಂದು ತಿಳಿದೊಡನೆ ಹಣ್ಣು, ಎಳನೀರು ಹಿಡಿದು ನೋಡಿಬರುವುದು ನಮ್ಮ ಮನೆತನಗಳಲ್ಲಿ ನಡೆದುಬಂದ ರೂಢಿ. ಬಾಗಿಲ ಹಿಡಿಕೆ ತಿರುಗಿಸಿ ಒಳಗೆ ಹೋಗುತ್ತೇವೆ. ಮಂಚದ ಕಂಬಿಯ ಮೇಲೆ ಕೈಯೂರಿ ಯೋಗಕ್ಷೇಮ ವಿಚಾರಿಸುತ್ತೇವೆ. ಅದೇ ಕೈಯಿಂದ ಬಾಳೆಹಣ್ಣು ಸುಲಿದು ರೋಗಿಗೆ ಕೊಡುತ್ತೇವೆ. ಆ ಕಂಬಿಯನ್ನು ನಮಗಿಂತ ಮುಂಚೆ ಎಷ್ಟು ಕೈಗಳು ಮುಟ್ಟಿದ್ದವೆಂದು ಯೋಚಿಸುವುದು ಅಪರೂಪ. ಗಾಯದಲ್ಲಿ ಕೀವು ತರುವ ಸ್ಟಫೈಲೋಕಾಕಸ್ ಬ್ಯಾಕ್ಟೀರಿಯಾ ಒಣ ಮೇಲ್ಮೈಯಲ್ಲಿ ಹಲವು ದಿನ, ಕೆಲವೊಮ್ಮೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಒಂದು ಕಾಯಿಲೆಗೆಂದು ಸೇರಿದವರಿಗೆ ಅಲ್ಲಿಯೇ ಮತ್ತೊಂದು ಸೋಂಕು ತಗಲಲು ಇದೂ ಒಂದು ದಾರಿ.

ಥಳಥಳಿಸುವ ಉಕ್ಕು ಶುಚಿಯೆಂದೂ ಮಾಸಿದ ಹಿತ್ತಾಳೆ ಕೊಳಕೆಂದೂ ನಾವು ಭಾವಿಸುತ್ತೇವೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಿಂದ 1983ರಲ್ಲಿ ಪ್ರಕಟವಾದ ಪರೀಕ್ಷೆ ಇದಕ್ಕೆ ವಿರುದ್ಧವಾದುದನ್ನು ತೋರಿಸಿತು. ಉಕ್ಕಿನ ತುಂಡುಗಳ ಮೇಲೆ ಬಹುಕಾಲ ಉಳಿದ ಬ್ಯಾಕ್ಟೀರಿಯಾ ಹಿತ್ತಾಳೆಯ ಮೇಲೆ ಕೆಲವೇ ಗಂಟೆಗಳಲ್ಲಿ ನಶಿಸಿತು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣವಷ್ಟೆ. ತಾಮ್ರದಿಂದ ಬಿಡುಗಡೆಯಾಗುವ ಸೂಕ್ಷ್ಮ ವಿದ್ಯುತ್ಕಣಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸಿ, ಒಳಹೊಕ್ಕು ಅದರ ಜೀವಕ್ರಿಯೆಯನ್ನೇ ನಿಲ್ಲಿಸುತ್ತವೆ.

2008ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ತಾಮ್ರದ ಮಿಶ್ರಲೋಹಗಳನ್ನು ಬ್ಯಾಕ್ಟೀರಿಯಾನಾಶಕವೆಂದು ನೋಂದಾಯಿಸಿತು. ಕ್ರಮವಾಗಿ ಶುಚಿಗೊಳಿಸುತ್ತಿದ್ದರೆ ಎರಡು ಗಂಟೆಗಳೊಳಗೆ ನಿರ್ದಿಷ್ಟ ಬ್ಯಾಕ್ಟೀರಿಯಾಗಳಲ್ಲಿ ಶೇಕಡಾ 99.9ರಷ್ಟು ಸಾಯುತ್ತವೆಂಬುದು ಅದು ಒಪ್ಪಿದ ಮಾತು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಮೂರು ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳ ಕೆಲವು ಕೋಣೆಗಳಲ್ಲಿ ಮಂಚದ ಕಂಬಿ, ಊಟದ ಮೇಜು, ಕುರ್ಚಿಯ ಕೈ ಮೊದಲಾದವುಗಳಿಗೆ ತಾಮ್ರ ಹೊದಿಸಲಾಗಿತ್ತು. ಸಾಧಾರಣ ಕೋಣೆಗಳಲ್ಲಿ ಶೇಕಡಾ 8.1ರಷ್ಟು ರೋಗಿಗಳಿಗೆ ಆಸ್ಪತ್ರೆಯ ಸೋಂಕು ತಗಲಿದರೆ, ತಾಮ್ರದ ಕೋಣೆಗಳಲ್ಲಿ ತಗಲಿದ್ದು 3.4ರಷ್ಟು ರೋಗಿಗಳಿಗೆ. ಬೆಳ್ಳಿಯ ಅಂಶವುಳ್ಳ ಲೇಪನಗಳೂ, ಬೆಳಕು ಬಿದ್ದಾಗ ಕೆಲಸಮಾಡುವ ಟೈಟಾನಿಯಂ ಡೈಆಕ್ಸೈಡ್ ಲೇಪನಗಳೂ ಬಂದಿವೆ.

ಹಾಗೆಂದು ಲೇಪನವೊಂದೇ ಸಾಕೆಂದು ತಿಳಿಯಲಾಗದು. ತಾಮ್ರದ ಮೇಲೆ ಧೂಳು, ಜಿಡ್ಡು ಕುಳಿತರೆ ಅಥವಾ ಹೊಳಪಿಗಾಗಿ ವಾರ್ನಿಷ್ ಬಳಿದರೆ ಬ್ಯಾಕ್ಟೀರಿಯಾಕ್ಕೆ ಲೋಹದ ಸ್ಪರ್ಶವೇ ಆಗದು. ತಾಮ್ರ ತನ್ನ ಕೆಲಸ ಮುಗಿಸಲು ಗಂಟೆಗಳು ಬೇಕು. ಒಂದು ಕೈಯ ಹಿಂದೆ ಇನ್ನೊಂದು ಕೈ ಕಂಬಿ ಮುಟ್ಟಲು ಕ್ಷಣ ಸಾಕು. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2009ರ ಮಾರ್ಗಸೂಚಿಯಲ್ಲಿ, ರೋಗಿಯನ್ನು ಮುಟ್ಟುವ ಮೊದಲಷ್ಟೇ ಅಲ್ಲದೆ ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರವೂ ಕೈಶುಚಿ ಮಾಡಿಕೊಳ್ಳಬೇಕೆಂದು ಆಸ್ಪತ್ರೆಯ ಸಿಬ್ಬಂದಿಗೆ ವಿಧಿಸಿದೆ. ನೋಡಲು ಹೋಗುವ ನಮಗೂ ಆ ನಿಯಮ ಒಳ್ಳೆಯದೇ.

ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಪೂಜಿಸುವವರು ನಾವು. ಪೂಜೆಗೆ ಮುನ್ನ ಕೈ ತೊಳೆಯಲು ನಮಗೆ ಯಾರೂ ನೆನಪಿಸಬೇಕಿಲ್ಲ. ರೋಗಿಯ ಬಳಿ ಸಾರುವಾಗಲೂ ಅದೇ ಎಚ್ಚರ ನಮ್ಮಲ್ಲಿರಲಿ. ಪ್ರತಿದಿನ ಬಟ್ಟೆ ಹಿಡಿದು ಆ ಕಂಬಿಯನ್ನು ಒರೆಸುವ ತಾಯಂದಿರ ಕೆಲಸವನ್ನು ಕೀಳೆಂದು ಕಾಣದಿರೋಣ. ಎಷ್ಟು ಬೆಲೆಯ ಲೋಹ ಹೊದಿಸಿದರೂ ಅದರ ಗುಣ ಉಳಿಯುವುದು ಆ ಕಾಯಕದಿಂದಲೇ.